ಶ್ರೀರಂಗಪಟ್ಟಣವೆಂಬ ಹಡಗು

ವನದುರ್ಗದಂಥ ಕೋಟೆಗಳನ್ನು ನೋಡುತ್ತ ಬೆಳೆದ ಬಯಲುಸೀಮೆಯವರಿಗೆ ಯುದ್ಧವೆಂದರೆ ಬುರುಜು, ಕಂದಕ, ಕುದುರೆ. ಆದರೆ ಕನ್ನಡ ನೆಲದ ಒಂದು ಕೋಟೆಯ ಹೆಸರು ಬ್ರಿಟಿಷ್ ನೌಕಾಪಡೆಯ ಹಾಯಿಹಡಗುಗಳ ಒಂದಿಡೀ ವರ್ಗಕ್ಕೆ ಸಂದಿದೆ. ಅದು ಶ್ರೀರಂಗಪಟ್ಟಣದ ಇಂಗ್ಲಿಷ್ ರೂಪವಾದ ‘ಸೆರಿಂಗಪಟಂ’ ವರ್ಗ. ಇದರ ಮೊದಲ ಹಡಗು 1819ರಲ್ಲಿ ಮುಂಬೈಯಲ್ಲಿ ನೀರಿಗಿಳಿಯಿತು. ಕಟ್ಟೋಣದಲ್ಲಿ ಅದು ಗಟ್ಟಿ, ಕಲ್ಪನೆಯಲ್ಲಿ ಹಳತು.

ಗಟ್ಟಿತನದ ಶ್ರೇಯ ಲಂಡನ್ನಿನದಲ್ಲ. ನಕ್ಷೆಯ ಮೂಲ 1806ರಲ್ಲಿ ಸೆರೆಸಿಕ್ಕ ಫ್ರೆಂಚ್ ಹಡಗು ‘ಪ್ರೆಸಿಡಾಂಟ್’. ಕಟ್ಟಿದ್ದು ಪಾರ್ಸಿಗಳಾದ ವಾಡಿಯಾ ಮನೆತನದವರು, ಮರ ತೇಗ. ಓಕ್ ಮರದ ಹುಳಿಗೆ ಕಬ್ಬಿಣದ ಮೊಳೆ ತಿಂದುಹೋಗುತ್ತದೆ. ತೇಗದ ಎಣ್ಣೆಯಂಶ ಅದನ್ನೇ ಕಾಯುತ್ತದೆ. ಈ ಹಡಗು ಅರ್ಧ ಶತಮಾನಕ್ಕೂ ಮೀರಿ ಬಾಳಿತು.

ಸೋತದ್ದು ಫಿರಂಗಿಯ ಲೆಕ್ಕದಲ್ಲಿ. ಒಟ್ಟು 46 ಫಿರಂಗಿಗಳಲ್ಲಿ ಮುಖ್ಯವಾದವು 18 ಪೌಂಡ್ ಗುಂಡಿನವು. 1812ರಲ್ಲೇ ಅಮೆರಿಕದ 24 ಪೌಂಡ್ ಫಿರಂಗಿಯ ದೊಡ್ಡ ಫ್ರಿಗೇಟುಗಳು, ಅಂದರೆ ವೇಗದ ಯುದ್ಧನೌಕೆಗಳು, ಇಂಥ ಬ್ರಿಟಿಷ್ ಹಡಗುಗಳನ್ನು ಬಡಿದುಹಾಕಿದ್ದವು. ಆ ಪೆಟ್ಟು ತಿಂದ ಮೇಲೂ ಅದೇ ಅಳತೆಯ ಹಡಗುಗಳನ್ನು ಸಾಲುಸಾಲಾಗಿ ಕಟ್ಟಿದ್ದು ದೂರದೃಷ್ಟಿಯಲ್ಲ. ಈ ವರ್ಗದಲ್ಲಿ ಸೇವೆಗೇ ಇಳಿಯದೆ ಉಳಿದವೂ ಉಂಟು.

ಇನ್ನು ಹಡಗಿನ ಮೂತಿಯ ಮೇಲಿನ ಗೊಂಬೆ. ಇಂದು ಗ್ರೀನಿಚ್‌ನ ವಸ್ತುಸಂಗ್ರಹಾಲಯದಲ್ಲಿರುವ ಅದರಲ್ಲಿ ಬ್ರಿಟಿಷರಿಗೆ ಸೋತ ಶ್ರೀರಂಗಪಟ್ಟಣದ ದೊರೆ ಟಿಪು ದೈತ್ಯಪಕ್ಷಿಯ ಮೇಲೆ ಕೂತು ಕೈಯಲ್ಲಿ ಛತ್ರಿ ಹಿಡಿದಿದ್ದಾನೆ. ಅರಸನಿಗೆ ಛತ್ರಿ ಹಿಡಿಯುವವರು ಬೇರೆ ಇರುತ್ತಾರೆ; ತಾನೇ ಹಿಡಿದ ದೊರೆಯನ್ನು ನಮ್ಮ ಯಾವ ಆಸ್ಥಾನವೂ ಕಂಡಿರಲಾರದು. ಹಕ್ಕಿಯೂ ಅಷ್ಟೆ: ಟಿಪುವಿನ ಸಿಂಹಾಸನದ ಮೇಲಿದ್ದದ್ದು ಹುಮಾ, ಇಲ್ಲಿರುವುದು ಅರೇಬಿಯನ್ ಕಥೆಗಳ ರುಖ್. ಕೆತ್ತನೆ ಚೆಲುವಾಗಿದೆ, ತಿಳಿವಳಿಕೆ ತೆಳು. ಸೋತವನನ್ನು ರಾಜಚಿಹ್ನೆಗಳೊಡನೆ ಮೆರೆಸಿದ್ದು ಗೌರವಕ್ಕಲ್ಲ. ಎದುರಾಳಿ ದೊಡ್ಡವನಾದಷ್ಟೂ ಗೆಲುವು ದೊಡ್ಡದು.

ಇದೇ ಟಿಪು 1796ರ ಹುಕುಂನಾಮೆಯಲ್ಲಿ 20 ದೊಡ್ಡ ಯುದ್ಧನೌಕೆ, 20 ಫ್ರಿಗೇಟುಗಳನ್ನು ಕಟ್ಟಿಸಲು ಅಪ್ಪಣೆ ಮಾಡಿದ್ದ. ಫ್ರಿಗೇಟಿಗೆ ಆತ ಗೊತ್ತುಮಾಡಿದ ಫಿರಂಗಿಗಳೂ 46! ಆದರೆ ಬ್ರಿಟಿಷರೊಡನೆ ಮಾಡಿಕೊಂಡ 1792ರ ಒಪ್ಪಂದದಲ್ಲಿ ಮಲಬಾರ್ ಕರಾವಳಿ ಆಗಲೇ ಕೈಬಿಟ್ಟಿತ್ತು. ಹುಕುಂನಾಮೆಯಾದ ಮೂರು ವರ್ಷಕ್ಕೆ ರಾಜ್ಯವೂ ಹೋಯಿತು. ಈ ಅಪ್ಪಣೆ ಬಂದದ್ದು ತಡವಾಗಿ, ಆದರೆ ಅವನ ಅಂದಾಜು ತನ್ನ ಕಾಲಕ್ಕೆ ಸರಿಯಾಗಿತ್ತು. ಗೆದ್ದವರು ಇಪ್ಪತ್ಮೂರು ವರ್ಷಗಳ ಬಳಿಕವೂ ಈ ಹಡಗಿನಲ್ಲಿ ಆ ಸಂಖ್ಯೆಯನ್ನು ದಾಟಲಿಲ್ಲ. ಹೊಗಳುವುದಾದರೆ ಮುಂಬೈಯ ಬಡಗಿಗಳನ್ನು ಹೊಗಳಬೇಕು.