ಡಿವೈಸ್ ಟ್ರೀ: ಒಂದು ಪಾಠವಿಮರ್ಶೆ

ಗಣಕವು ಎಚ್ಚರಗೊಳ್ಳುವಾಗ ಅದರ ಕರ್ನೆಲಿಗೆ ತಾನಿರುವ ಬೋರ್ಡಿನ ಪರಿಚಯವಿರದು. ಯು.ಎಸ್.ಬಿ. ಉಪಕರಣಗಳು ಕೇಳಿದೊಡನೆ ತಮ್ಮ ಗುರುತನ್ನು ತಾವೇ ಹೇಳುತ್ತವೆ. ಚಿಪ್ಪಿನೊಳಗಣ ಟೈಮರು, ಸೀರಿಯಲ್ ಪೋರ್ಟು ಮೊದಲಾದುವು ಹೇಳಲಾರವು.

೨೦೦೧ರಲ್ಲಿ ಬೆಂಗಳೂರಿನಲ್ಲಿ ಪ್ರಕಟವಾದ ಸಿಂಪ್ಯೂಟರಿನ ಕಾಲಕ್ಕೆ, ಆರ್ಮ್ ಜಾತಿಯ ಲಿನಕ್ಸ್ ಯಂತ್ರಗಳಲ್ಲಿ ಬೂಟ್‌ಲೋಡರು ಬೋರ್ಡಿನ ಸಂಖ್ಯೆಯನ್ನೂ ಕೆಲವು ಅಲ್ಪ ವಿವರಗಳನ್ನೂ ಕೊಡುತ್ತಿದ್ದಿತು. ಉಳಿದ ವರ್ಣನೆಯೆಲ್ಲ ಕರ್ನೆಲಿನ ಸಿ ಭಾಷೆಯ ಪಾಠದಲ್ಲಿಯೇ ಹುದುಗಿತ್ತು. ಬೋರ್ಡುಗಳು ಹೆಚ್ಚಿದಂತೆ ಈ ಪಾಠವೂ ಬೆಳೆಯಿತು. ೨೦೧೧ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಇದನ್ನು ಕಟುವಾಗಿ ಖಂಡಿಸಿದ ತರುವಾಯ, ೧೯೯೪ರ ಓಪನ್ ಫರ್ಮ್‌ವೇರ್ ನಿಬಂಧನೆಯಿಂದ ಇಳಿದುಬಂದ ಡಿವೈಸ್ ಟ್ರೀ ಅಲ್ಲಿಯೂ ರೂಢಿಯಾಯಿತು.

ಸಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯ ಹೊಲವೊಂದರ ಕ್ರಯಪತ್ರವನ್ನು ಭಾವಿಸಬಹುದು. ಅದರ ಚಕ್ಕುಬಂದಿಯು ಹೊಲದ ಎಲ್ಲೆಯನ್ನು ಹೇಳುತ್ತದೆ, ಬೆಳೆಯಾವುದೆಂದು ವಿಧಿಸುವುದಿಲ್ಲ. ಡಿವೈಸ್ ಟ್ರೀಯ ಉತ್ತಮಾಂಶವೂ ಇಂತಹುದೆ: ‘ರೆಗ್’ ಎಂಬುದು ವಿಳಾಸವನ್ನು ತಿಳಿಸುತ್ತದೆ, ‘ಕಂಪ್ಯಾಟಿಬಲ್’ ಎಂಬುದು ವಿಶೇಷನಾಮದಿಂದ ಸಾಮಾನ್ಯನಾಮಕ್ಕೆ ಇಳಿಯುತ್ತದೆ. ವಿಶೇಷವನ್ನರಿಯದ ಕರ್ನೆಲು ಸಾಮಾನ್ಯವನ್ನು ಹಿಡಿದು ಕಾರ್ಯ ನಡೆಸೀತು.

ದೋಷವಿರುವುದು ‘ಲಿನಕ್ಸ್, ಡೀಫಾಲ್ಟ್-ಟ್ರಿಗರ್’ನಂತಹ ಪದಗಳಲ್ಲಿ. ದೀಪವೆಲ್ಲಿದೆಯೆಂಬುದು ವರ್ಣನೆ, ಅದು ಯಾವಾಗ ಮಿನುಗಬೇಕೆಂಬುದು ವಿಧಿ. ‘ಚೋಸನ್’ ಎಂಬ ಪ್ರಕರಣದಲ್ಲಿಯೂ ವಿಧಿಯುಂಟು. ಆದರೆ ಅದು ಪ್ರತ್ಯೇಕವಾಗಿರುವುದರಿಂದ ಓದುಗನನ್ನು ವಂಚಿಸದು. ಈ ಬಗೆಯ ಪಾಠವನ್ನು ಫ್ರೀಬಿಎಸ್‌ಡಿ, ಯು-ಬೂಟ್‌ಗಳೂ ಓದುತ್ತವೆ. ಒಬ್ಬ ಓದುಗನ ಅಭ್ಯಾಸಗಳು ಅದರಲ್ಲಿ ಬೆರೆತಷ್ಟೂ ಇತರರಿಗೆ ಅದರ ಪ್ರಾಮಾಣ್ಯವು ಕುಂದುತ್ತದೆ. ಬರೆದ ವಿಳಾಸವು ತಪ್ಪಾದರೆ ತಿದ್ದಿಕೊಳ್ಳಲು ಕರ್ನೆಲಿಗೆ ಬೇರೆ ಸಾಕ್ಷ್ಯವಿಲ್ಲ, ನಂಬಿಕೆಯೊಂದೇ ಆಧಾರ. ಆದುದರಿಂದ ವಸ್ತುವನ್ನೇ ಹೇಳಿ ನಿಲ್ಲುವ ಸಂಯಮವು ಇಂತಹ ಬರೆಹದ ಮೊದಲ ಗುಣವೆನ್ನಬೇಕು.