ಹೂಮಳೆ ಬಿದ್ದ ಮೇಲೆ ಹೊರಡಿ

ಮಡಿಕೇರಿಗೆ ಯಾವಾಗ ಹೋಗಬೇಕೆಂದು ಕೇಳಿದರೆ ಪ್ರವಾಸದ ಜಾಹೀರಾತುಗಳೆಲ್ಲ ಒಂದೇ ರಾಗ ಹಾಡುತ್ತವೆ: ಅಕ್ಟೋಬರಿನಿಂದ ಮಾರ್ಚ್. ಅರ್ಧ ವರ್ಷವನ್ನೇ ಕೈತೋರಿಸಿ ನುಣುಚಿಕೊಳ್ಳುವ ಉಪಾಯ ಇದು. ಡಿಸೆಂಬರಿನ ಕೊನೆಯ ವಾರವಂತೂ ಕಾರು ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ರಾಜಾಸೀಟಿನ ಸೂರ್ಯ ಮುಳುಗಿರುತ್ತಾನೆ. ಚಳಿಯೇ ಬೇಕೆಂದರೆ ಜನವರಿಯಲ್ಲಿ, ವಾರದ ನಡುವೆ ಹೋಗಿ.

ನನ್ನ ಮತ ಹೂಮಳೆಗೆ. ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗೆ ಯಾವತ್ತೋ ಒಂದು ಸಂಜೆ ಗುಡುಗಿ ಬರುವ ಮಳೆ ಇದು. ಕಾಫಿ ಬೆಳೆಗಾರರು ಇದನ್ನು ಇಂಚು, ಸೆಂಟುಗಳಲ್ಲಿ ಅಳೆಯುತ್ತಾರೆ; ನೂರು ಸೆಂಟಿಗೆ ಒಂದಿಂಚು. ಇಂಚಿನಷ್ಟು ಬಿದ್ದರೆ ಬಾಯಾರಿ ನಿಂತಿದ್ದ ಮೊಗ್ಗುಗಳು ಎಂಟು-ಹತ್ತು ದಿನಕ್ಕೆ ಒಮ್ಮೆಗೇ ಬಿರಿಯುತ್ತವೆ. ಇಪ್ಪತ್ತು-ಮೂವತ್ತು ಸೆಂಟು ಉದುರಿಸಿ ಹೋದರೆ ಮೊಗ್ಗು ಅರ್ಧ ಅರಳಿ ಕೆಡುತ್ತದೆ, ಬೆಳೆಗಾರನ ಮುಖವೂ ಬಾಡುತ್ತದೆ. ಹೂವಿನ ಆಯುಷ್ಯ ಎರಡು-ಮೂರು ದಿನ. ಆಗ ಇಡೀ ಇಳಿಜಾರು ಬೆಳ್ಳಗಾಗಿ ಮಲ್ಲಿಗೆಯ ಹತ್ತಿರದ ಪರಿಮಳ ರಸ್ತೆಗೂ ಬರುತ್ತದೆ. ಕಾರಿನ ಎ.ಸಿ. ಆರಿಸಿ, ಗಾಜು ಇಳಿಸಿ; ಬೆಳಿಗ್ಗೆ ಎಂಟರೊಳಗಾದರೆ ಇನ್ನೂ ಚೆನ್ನ.

ಈ ದಿನವನ್ನು ಮೂರು ತಿಂಗಳು ಮೊದಲೇ ಕಾಯ್ದಿರಿಸಲು ಬರುವುದಿಲ್ಲವೆಂಬುದೇ ಇದರ ಸೊಗಸು. ಕೊಡಗಿನಲ್ಲಿ ಪರಿಚಯದವರಿದ್ದರೆ ಫೋನು ಮಾಡಿ, ‘ನಿಮ್ಮ ಕಡೆ ಮಳೆ ಎಷ್ಟಾಯಿತು?’ ಎಂದು ಕೇಳಿ. ಅವರು ಸೆಂಟಿನ ಲೆಕ್ಕ ಹೇಳಿದ ದಿನದಿಂದ ಒಂದು ವಾರ ಬಿಟ್ಟು ಹೊರಡಿ. ಅಷ್ಟು ಕಾಯುವ ತಾಳ್ಮೆ ಇಲ್ಲದವರಿಗೆ ರೊಬಸ್ಟಾ ಇದೆ. ಚೆಟ್ಟಳ್ಳಿ ದಾಟಿ ಸಿದ್ದಾಪುರದ ಕಡೆ ಇಳಿದರೆ ಅದರ ತೋಟಗಳು. ಕೆರೆಯ ನೀರಿರುವವರು ಮಳೆಗೆ ಕಾಯದೆ ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸುತ್ತಾರೆ. ಅರೇಬಿಕಾದ ಹಾಗಲ್ಲ ರೊಬಸ್ಟಾ, ಕಾಯಿ ಕಟ್ಟಲು ಬೇರೆ ಗಿಡದ ಪರಾಗವೇ ಬೇಕು. ಆದ್ದರಿಂದ ಹೂ ಅರಳಿದ ದಿನ ಗಾಳಿಯೂ ಜೇನೂ ಬರಲಿ, ಮಳೆ ಮಾತ್ರ ಬಾರದಿರಲಿ ಎಂದು ತೋಟದವರು ಹಾರೈಸುತ್ತಾರೆ. ನೋಡಲು ಹೋದ ನಮ್ಮ ಹಾರೈಕೆಯೂ ಅದೇ. ಬೇಲಿ ದಾಟಿ ಗೊಂಚಲಿನೊಳಗೆ ಮುಖವಿಟ್ಟು ಫೋಟೊ ತೆಗೆಸಿಕೊಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಉದುರಿದಷ್ಟೂ ಹೂವು ಯಾರದೋ ಕಾಫಿ.

ಹಾಗಾದರೆ ಮಳೆಗಾಲ? ಆಸೆ ನನಗೂ ಇದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ತಿಂಗಳಲ್ಲಿ ಕೊಡವರ ಮನೆಯ ಬೈಂಬಳೆ (ಕಳಲೆ) ಕರಿ, ಕಕ್ಕಡ ಹದಿನೆಂಟರಂದು ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸ ಬೇರೆ ಕಾಲದಲ್ಲಿ ಸಿಗುವಂಥವಲ್ಲ. ಆದರೆ 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದದ್ದನ್ನು ಮರೆತು ಯಾರಿಗೂ ಈ ಕಾಲವನ್ನು ಶಿಫಾರಸು ಮಾಡಲಾರೆ. ಉಣ್ಣಲು ಕರೆದ ಮನೆಯಿದ್ದರೆ, ರಸ್ತೆಯ ಸುದ್ದಿ ಕೇಳಿಕೊಂಡು ಹೋಗಿ.

ಹೂವೂ ತಪ್ಪಿತು, ಕಕ್ಕಡವೂ ತಪ್ಪಿತು ಎನ್ನುವವರಿಗೆ ಉತ್ತರೆ ಮಳೆ ಹಿಂದೆ ಸರಿಯುವ ಸೆಪ್ಟೆಂಬರ್ ಕೊನೆ ಉಳಿದಿದೆ. ಅಬ್ಬಿ ಜಲಪಾತದಲ್ಲಿ ಇನ್ನೂ ಭೋರ್ಗರೆತ, ಗುಡ್ಡಗಳಲ್ಲಿ ಇನ್ನೂ ಹಸಿರು. ದಸರೆಯ ದಿನಗಳನ್ನು ಪಂಚಾಂಗದಲ್ಲಿ ನೋಡಿಕೊಳ್ಳಿ: ವಿಜಯದಶಮಿಯ ರಾತ್ರಿ ದಶಮಂಟಪಗಳ ಮೆರವಣಿಗೆ ಬೇಕಿದ್ದರೆ ರೂಮನ್ನು ಬಹಳ ಮೊದಲೇ ಹಿಡಿಯಿರಿ, ಬೇಡದಿದ್ದರೆ ಅದಕ್ಕೆ ವಾರ ಮೊದಲೇ ಹೋಗಿ ಬನ್ನಿ.