ದಿಗ್ವ್ರತ ಮತ್ತು ಇಂದಿನ ಯಾತ್ರೆ: ಒಂದು ವಿಮರ್ಶೆ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಇಂದು ಅತ್ಯಂತ ಉಪೇಕ್ಷೆಗೆ ಒಳಗಾಗಿರುವುದು ದಿಗ್ವ್ರತ. ಉಪದೇಶದ ಸಂದರ್ಭಗಳಲ್ಲಿ ಅದರ ಹೆಸರನ್ನು ಹೇಳಿ ಮುಂದೆ ಸಾಗುವುದೇ ರೂಢಿಯಾಗಿದೆ. ಹಡಗು ಮತ್ತು ಎತ್ತಿನ ಗಾಡಿಗಳ ಕಾಲದ ವರ್ತಕನಿಗೆ ಹೇಳಿದ ಮಾತು ವಿಮಾನದ ಕಾಲಕ್ಕೆ ಸಲ್ಲದೆಂಬ ಅಭಿಪ್ರಾಯ ವಿದ್ಯಾವಂತರಲ್ಲಿಯೂ ಬಲವಾಗಿದೆ. ಗ್ರಂಥಗಳನ್ನು ತೆರೆದು ನೋಡಿದರೆ ಈ ಅಭಿಪ್ರಾಯ ನಿಲ್ಲುವುದಿಲ್ಲ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಿಗ್ವ್ರತ, ದೇಶವ್ರತಗಳನ್ನು ಒಟ್ಟಿಗೆ ಹೇಳಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇವೆರಡನ್ನೂ ಬೇರ್ಪಡಿಸಿ, ಮೊದಲನೆಯದನ್ನು ಗುಣವ್ರತಗಳಲ್ಲಿಯೂ ಎರಡನೆಯದನ್ನು ದೇಶಾವಕಾಶಿಕವೆಂಬ ಹೆಸರಿನಿಂದ ಶಿಕ್ಷಾವ್ರತಗಳಲ್ಲಿಯೂ ಇಟ್ಟರು. ದಿಗ್ವ್ರತ ಜೀವಮಾನದ್ದು; ಅದರ ಗಡಿ ಸಮುದ್ರ, ನದಿ, ಅಡವಿ, ಗಿರಿ, ಜನಪದ. ದೇಶಾವಕಾಶಿಕ ಅಲ್ಪಕಾಲದ್ದು, ಅದರ ಗಡಿ ಮನೆ, ಊರು, ಹೊಲ, ಹೊಳೆ. ಯೋಜನದ ಅಳತೆಯನ್ನು ಎರಡೂ ಕಡೆ ಹೇಳಿದೆಯಾದರೂ ಉಳಿದುದೆಲ್ಲವೂ ಕಣ್ಣಿಗೆ ಕಾಣುವ ಸ್ಥಳಗಳೇ ಆಗಿರುವುದು ಗಮನಾರ್ಹ. ಗಡಿಯನ್ನು ಹಾಕಿಕೊಳ್ಳುವವನು ಆ ಸ್ಥಳವನ್ನು ಬಲ್ಲವನಾಗಿರಬೇಕು.

ಬೆಂಗಳೂರಿನ ಶ್ರಾವಕನೊಬ್ಬನು ಒಂದು ತಿಂಗಳ ಮಟ್ಟಿಗೆ ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನಿಂದಾಚೆ ಹೋಗೆನೆಂದು ನಿಯಮ ತೆಗೆದುಕೊಂಡನೆಂದು ಭಾವಿಸೋಣ. ಹೊಂಗನೂರು ಎಲ್ಲಿ ಮುಗಿಯುತ್ತದೆ? ಮನೆಗಳ ಸಾಲಿಗೋ, ಕೆರೆಯ ಏರಿಗೋ, ಕೊನೆಯ ಹೊಲದ ಬದುವಿಗೋ? ಇದನ್ನು ಅರಿಯದೆ ತೆಗೆದುಕೊಂಡ ನಿಯಮ ಬಾಯಿಮಾತು. 2023ರ ಮಾರ್ಚಿಯಲ್ಲಿ ಲೋಕಾರ್ಪಣೆಗೊಂಡ 118 ಕಿಲೋಮೀಟರಿನ ಬೆಂಗಳೂರು-ಮೈಸೂರು ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರುಗಳನ್ನು ಹೊರಗಿನಿಂದಲೇ ಬಳಸಿ ಹೋಗುತ್ತದೆ. ಗೊಮ್ಮಟಗಿರಿಗೂ ಮಲೆಯೂರಿನ ಕನಕಗಿರಿಗೂ ಹೊರಟ ಬಸ್ಸು ಇವೆಲ್ಲವನ್ನೂ ಒಂದೂವರೆ ಗಂಟೆಯೊಳಗೆ ಹಿಂದಿಕ್ಕುತ್ತದೆ. ಮದ್ದೂರು ತಾಲ್ಲೂಕಿನ ಆರೆತಿಪ್ಪೂರಿನ ಬೆಟ್ಟದಲ್ಲಿ ಬಾಹುಬಲಿಯ ಮೂರ್ತಿಯಿದೆ, ಹಾಳುಬಿದ್ದ ಬಸದಿಗಳ ಅವಶೇಷಗಳಿವೆ. ಅಲ್ಲಿಗೆ ತಿರುಗುವ ಯಾತ್ರೆಯ ಬಸ್ಸುಗಳು ವಿರಳ.

ತಪ್ಪಿಹೋಗುವುದು ಬಸದಿಯೊಂದೇ ಅಲ್ಲ. ಚನ್ನಪಟ್ಟಣ ತಾಲ್ಲೂಕು ಹಿಪ್ಪುನೇರಳೆಯ ಸೀಮೆ. ರಾಮನಗರದ್ದು ಹೆಸರಾಂತ ರೇಷ್ಮೆಗೂಡಿನ ಮಾರುಕಟ್ಟೆ. ಚಂದ್ರಿಕೆಯಿಂದ ಬಿಡಿಸಿದ ಗೂಡಿನೊಳಗಿನ ಜೀವವನ್ನು ಬಿಸಿಯಿಂದ ಕೊಂದ ಬಳಿಕವೇ ಅಖಂಡವಾದ ನೂಲು ಬಿಚ್ಚುತ್ತದೆ. ಆ ನೂಲಿನ ಪಟ್ಟೆಯನ್ನುಟ್ಟು ಅಭಿಷೇಕಕ್ಕೆ ನಿಲ್ಲುವ ಮನೆತನಗಳು ಈ ಹೊಲಗಳ ಪಕ್ಕದಿಂದಲೇ ಕ್ಷೇತ್ರಕ್ಕೆ ಹೋಗುತ್ತವೆ. ಬೇಸಾಯಗಾರನನ್ನು ಇಲ್ಲಿ ದೂರಬೇಕಾದುದಿಲ್ಲ. ಅದು ಅವನ ಹೊಟ್ಟೆಪಾಡು. ಕೊಳ್ಳುವವನ ಮಾತು ಬೇರೆ. ಈರ್ಯಾಸಮಿತಿಯ ಕುರಿತು ಪ್ರವಚನವನ್ನು ಕೇಳಿದವನು ಕಿಟಕಿಯಿಂದ ಒಮ್ಮೆ ಹೊರಗೆ ನೋಡಿದ್ದರೂ ಈ ಪ್ರಶ್ನೆ ಅವನನ್ನು ತಡೆಯಬೇಕಿತ್ತು.

ಇಲ್ಲಿ ಒಂದು ಆಕ್ಷೇಪ ನ್ಯಾಯವಾದುದು. ದಿಗ್ವ್ರತದ ಉದ್ದೇಶ ಲೋಭದ ಮತ್ತು ಹಿಂಸೆಯ ನಿಯಂತ್ರಣ, ಸ್ಥಳಗಳ ಮೇಲಿನ ಪ್ರೀತಿಯಲ್ಲ. ಗಡಿಯಾಚೆಗೆ ಶ್ರಾವಕನ ಅಣುವ್ರತಗಳೇ ಮಹಾವ್ರತಗಳ ರೂಪ ತಾಳುತ್ತವೆಂದು ಸಮಂತಭದ್ರರು ಹೇಳಿದುದು ಈ ಅರ್ಥದಲ್ಲಿಯೇ. ಊರಿನ ಮೇಲಿನ ಮಮತೆಯೂ ಪರಿಗ್ರಹವೇ. ಆದುದರಿಂದಲೇ ಮುನಿಗಳು ಮಳೆಗಾಲದ ನಾಲ್ಕು ತಿಂಗಳನ್ನುಳಿದು ಒಂದೆಡೆ ನೆಲೆಸುವುದಿಲ್ಲ. ಆದರೆ ಬರಿಗಾಲಿನಲ್ಲಿ ವಿಹಾರ ಮಾಡುವ ಮುನಿಗೆ ಯಾವ ದಾರಿಯಲ್ಲಿ ಹಸಿರು ಹಬ್ಬಿದೆ, ಎಲ್ಲಿ ಇರುವೆಗಳ ಸಾಲಿದೆ ಎಂಬುದು ಬಸ್ಸಿನಲ್ಲಿ ಹೋಗುವವನಿಗಿಂತ ಚೆನ್ನಾಗಿ ಗೊತ್ತು. ಮಮತೆಯಿಲ್ಲದ ಅರಿವು ಸಾಧ್ಯ. ಇಂದಿನ ಯಾತ್ರಿಕನಲ್ಲಿರುವುದು ಅರಿವಿಲ್ಲದ ಮಮತೆ.

ಅತಿಚಾರಗಳ ಪಟ್ಟಿ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಲೋಭದಿಂದ ಗಡಿಯನ್ನು ಹಿಗ್ಗಿಸುವುದು ಕ್ಷೇತ್ರವೃದ್ಧಿ ಎಂದು ಪೂಜ್ಯಪಾದರ ಸರ್ವಾರ್ಥಸಿದ್ಧಿ ವಿವರಿಸುತ್ತದೆ. ಎರಡು ದಿನಗಳಲ್ಲಿ ಒಂಬತ್ತು ಕ್ಷೇತ್ರಗಳ ದರ್ಶನವೆಂದು ಕರಪತ್ರ ಹಂಚುವವರು ಈ ಶಬ್ದವನ್ನು ನೆನೆಯುವುದು ಒಳಿತು. ದೇಶವ್ರತದಲ್ಲಿ ಶಬ್ದಾನುಪಾತ, ರೂಪಾನುಪಾತಗಳೆಂಬ ದೋಷಗಳಿವೆ: ತಾನು ಗಡಿಯೊಳಗೆ ಕುಳಿತು ಧ್ವನಿಯಿಂದಲೋ ರೂಪವನ್ನು ತೋರಿಸಿಯೋ ಹೊರಗಿನ ಕೆಲಸ ಸಾಧಿಸುವುದು. ಬಸದಿಯ ನವರಂಗದಲ್ಲಿ ನಿಂತು ಮೊಬೈಲಿನಲ್ಲಿ ಅಂಗಡಿಯ ವ್ಯವಹಾರ ಮುಗಿಸುವವನಿಗೆ ಇದಕ್ಕಿಂತ ನಿಖರವಾದ ವರ್ಣನೆ ಸಿಗಲಾರದು.

ಸಮ್ಮೇದ ಶಿಖರ್ಜಿಯನ್ನು ಪ್ರವಾಸೋದ್ಯಮಕ್ಕೆ ಒಪ್ಪಿಸಬಾರದೆಂದು 2022ರ ಕೊನೆಯಲ್ಲಿ ಸಮಾಜವು ದೇಶದಾದ್ಯಂತ ಬೀದಿಗಿಳಿಯಿತು. 2023ರ ಜನವರಿ 5ರಂದು ಕೇಂದ್ರ ಸರ್ಕಾರವು 2019ರ ಅಧಿಸೂಚನೆಯ ಪ್ರವಾಸೋದ್ಯಮ ಸಂಬಂಧದ ಅಂಶಗಳಿಗೆ ತಡೆ ನೀಡಿತು. ಇಪ್ಪತ್ತು ತೀರ್ಥಂಕರರು ಮೋಕ್ಷ ಪಡೆದ ಗಿರಿಯ ವಿಷಯದಲ್ಲಿ ಆ ಹೋರಾಟ ಯೋಗ್ಯವಾದುದು. ಯಾತ್ರೆ ಬೇರೆ, ಪ್ರವಾಸ ಬೇರೆ ಎಂದು ಸರ್ಕಾರದ ಮುಂದೆ ವಾದಿಸಿದವರು ತಮ್ಮ ಬಸ್ಸುಗಳಲ್ಲಿ ಆ ಭೇದವನ್ನು ಎಷ್ಟು ಉಳಿಸಿಕೊಂಡಿದ್ದಾರೆ?

ಶ್ರವಣಬೆಳಗೊಳದಲ್ಲಿ ಉತ್ತರ ಸಿಗುತ್ತದೆ. ವಿಂಧ್ಯಗಿರಿಯನ್ನು ಹತ್ತಿ ಇಳಿದವರಲ್ಲಿ ಅನೇಕರು ಎದುರಿನ ಚಂದ್ರಗಿರಿಯನ್ನು ಕೆಳಗಿನಿಂದಲೇ ಕೈಮುಗಿದು ಊಟಕ್ಕೆ ತೆರಳುತ್ತಾರೆ. ಸಲ್ಲೇಖನದಿಂದ ದೇಹ ಬಿಟ್ಟವರ ಹೆಸರುಗಳು ಆ ಬೆಟ್ಟದ ಬಂಡೆಗಳ ಮೇಲಿವೆ. 1889ರಲ್ಲಿ ರೈಸ್ ಅವರು ಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು. ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ ಅವು 500 ಆದವು, 1973ರ ಆವೃತ್ತಿಯಲ್ಲಿ 573. ಭದ್ರಬಾಹು ಪರಂಪರೆಯ ವಲಸೆಯನ್ನು ಹೇಳುವ, ಸುಮಾರು ಕ್ರಿ.ಶ. 600ರ ಶಾಸನವು ಪಾರ್ಶ್ವನಾಥ ಬಸದಿಯ ಬಳಿಯ ಬಂಡೆಯಲ್ಲಿದೆ. ಟ್ರಸ್ಟುಗಳು ಯಾತ್ರೆಯ ವೇಳಾಪಟ್ಟಿಯಲ್ಲಿ ಉಪಾಹಾರಕ್ಕೆ ಮುಕ್ಕಾಲು ಗಂಟೆಯನ್ನು ಗುರುತುಹಾಕುತ್ತವೆ; ಈ ಬಂಡೆಯ ಮುಂದೆ ನಿಲ್ಲಲು ಅರ್ಧ ಗಂಟೆ, ಓದಿ ಹೇಳಬಲ್ಲ ಒಬ್ಬರು, ಇಷ್ಟನ್ನು ಸೇರಿಸಿದರೆ ತಗಲುವ ವೆಚ್ಚ ಒಂದು ಬಸ್ಸಿನ ಡೀಸೆಲಿಗಿಂತ ಕಡಿಮೆ.